ಕೆಳಗಿನ ದವಡೆ ಹಲ್ಲು ಕೀಳಿಸಿ ಎರಡು ವರ್ಷ ಆಯ್ತು, ನೋವಿಲ್ಲ. ಬ್ರಿಡ್ಜ್ (ಅಕ್ಕಪಕ್ಕದ ಹಲ್ಲಿನ ಆಸರೆಯಲ್ಲಿ ಕೂರಿಸುವ ಹಲ್ಲು) ಒಳ್ಳೆಯದಾ, ಇಂಪ್ಲಾಂಟ್ (ಎಲುಬಿಗೆ ತಿರುಪು ಹಾಕಿ ಕೂರಿಸುವ ಹಲ್ಲು) ಒಳ್ಳೆಯದಾ?

"ನೋವಿಲ್ಲ, ಆ ಕಡೆ ಅಗಿಯುವುದನ್ನೇ ಬಿಟ್ಟಿದ್ದೇನೆ" ಅಂತ ಬರೆದಿದ್ದೀರಲ್ಲ, ಒಂಬತ್ತು ವರ್ಷ ನಾನೂ ಇದೇ ಮಾತು ಹೇಳಿಕೊಂಡು ತಿರುಗಿದವನು.

ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟದ ಮನೆ. 2011ರಲ್ಲಿ ಅಡಿಕೆ ಸುಲಿಯುವ ಸಮಯದಲ್ಲಿ ಬಲಗಡೆ ಕೆಳಗಿನ ದೊಡ್ಡ ದವಡೆ ಹಲ್ಲು ಕೈಕೊಟ್ಟಿತು. ಲವಂಗದ ಎಣ್ಣೆ ಹತ್ತಿಯಲ್ಲಿ ಅದ್ದಿ ಇಟ್ಟುಕೊಂಡು ಹತ್ತು ದಿನ ತಳ್ಳಿದೆ. ರೂಟ್ ಕೆನಾಲ್ ಮಾಡಿ (ಹಲ್ಲಿನೊಳಗಿನ ನರ ತೆಗೆದು ತುಂಬಿಸಿ) ಕ್ಯಾಪ್ ಹಾಕಿದರೆ ಹಲ್ಲು ಉಳಿಯುತ್ತದೆ ಅಂದರು ಡಾಕ್ಟರು. ಮೂರ್ನಾಲ್ಕು ಸಲ ಬರಬೇಕು ಅಂದಿದ್ದಕ್ಕೆ, ಕಿತ್ತು ಹಾಕಿ ಅಂದೆ.

ಅದೂ ತಪ್ಪೇ. ಆದರೆ ನನ್ನನ್ನು ಮುಳುಗಿಸಿದ್ದು ಅದಲ್ಲ. ಗಾಯ ಮಾಗಿದ ಮೇಲೆ ಮೂರು ತಿಂಗಳಿಗೆ ಬನ್ನಿ, ಜಾಗ ತುಂಬಿಸೋಣ ಅಂತ ಅವರು ಚೀಟಿ ಬರೆದುಕೊಟ್ಟಿದ್ದರು. ಚೀಟಿಯನ್ನು ಅಡಿಕೆ ಲೆಕ್ಕದ ಪುಸ್ತಕದೊಳಗೆ ಇಟ್ಟೆ. ಮೂರು ತಿಂಗಳಿಗೆ ಸರಿಯಾಗಿ ಮದುವೆಗಳು ಶುರುವಾದವು. ಆಮೇಲೆ ಮಳೆ, ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಸುವ ಕೆಲಸ. ಅದು ಮುಗಿಯುವಷ್ಟರಲ್ಲಿ ಮತ್ತೆ ಕೊಯ್ಲು. ಪ್ರತಿ ವರ್ಷ ಅಡಿಕೆ ಮಂಡಿಗೆ ಹೋಗುವ ಮುಂಚೆ ಪುಸ್ತಕ ತೆಗೆದರೆ ಚೀಟಿ ಸಿಗುತ್ತಿತ್ತು. ಓದುತ್ತಿದ್ದೆ, ಅಲ್ಲೇ ಇಡುತ್ತಿದ್ದೆ. 32ರಲ್ಲಿ ಒಂದು ಹೋದರೆ 31 ಉಳಿಯಿತಲ್ಲ, ಅದೂ ನಗುವಾಗ ಕಾಣದ ಹಲ್ಲು!

ಈ ಲೆಕ್ಕವೇ ತಪ್ಪು. ಹಲ್ಲು ಸಾಮಾನ್ಯವಾಗಿ ಒಂದೇ ಕಡೆ ನಿಂತಿರುವುದು ಪಕ್ಕದ ಹಲ್ಲು, ಎದುರಿನ ಹಲ್ಲು ಅದನ್ನು ತಡೆದಿರುವವರೆಗೆ. ಖಾಲಿ ಜಾಗದ ಹಿಂದಿದ್ದ ಹಲ್ಲು ಹಳೇ ಬೇಲಿ ಗೂಟದ ಹಾಗೆ ಮುಂದಕ್ಕೆ ವಾಲಿತು. ಮೇಲಿನ ಹಲ್ಲಿಗೆ ಕೆಳಗೆ ತಾಗುವಂಥದ್ದು ಏನೂ ಇರಲಿಲ್ಲ, ಅದು ನಿಧಾನಕ್ಕೆ ಇಳಿಯುತ್ತಾ ಬಂತು. ಇಷ್ಟೆಲ್ಲ ಆದರೂ ಒಂದು ಚೂರು ನೋವಿಲ್ಲ ನೋಡಿ. ನೋವಿದ್ದಿದ್ದರೆ ಎರಡನೇ ವರ್ಷವೇ ಓಡುತ್ತಿದ್ದೆ.

2020ರಲ್ಲಿ ಒಂದು ಸಂಜೆ ಹಲಸಿನ ಹಪ್ಪಳ ತಿನ್ನುವಾಗ ಮೇಲಿನ ಹಲ್ಲು ಕೆಳಗಿನ ಬೋಳು ವಸಡಿಗೆ ಕುಕ್ಕಿ ರಕ್ತ ಬಂತು. ವಾಲಿದ ಹಲ್ಲಿನ ಸಂದಿಯಲ್ಲಿ ಕಳಲೆ ನಾರು ಸಿಕ್ಕಿ, ಕಡ್ಡಿಯಲ್ಲಿ ಕೆದಕಿ ಕೆದಕಿ ಅಲ್ಲಿಯ ವಸಡೂ ಊದಿತ್ತು. ಶಿವಮೊಗ್ಗದಲ್ಲಿ ಡಾಕ್ಟರು ಅಳತೆಯ ಕಡ್ಡಿಯನ್ನು ವಸಡಿನೊಳಗೆ ಇಳಿಸಿ 6 ಮಿಲಿಮೀಟರ್ ಅಂದರು. ವಸಡು ಚೆನ್ನಾಗಿದ್ದರೆ ಅದು 3 ದಾಟಬಾರದು. ಎಕ್ಸ್-ರೇಯಲ್ಲಿ ಎಲುಬು ಕರಗಿದ್ದು ಕಂಡಿತು. ಕರಗಿದ ಎಲುಬು ತಾನಾಗಿ ವಾಪಸ್ ಬೆಳೆಯುವುದಿಲ್ಲ.

ಇಂಪ್ಲಾಂಟ್ ಹಾಕಿ ಅಂದೆ. ಹಾಕಲು ಜಾಗ ಎಲ್ಲಿದೆ ಅಂದರು. ಮೊದಲು ವಸಡಿನ ಒಳಗಿನವರೆಗೆ ಕ್ಲೀನಿಂಗ್. (ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತದೆ ಅಂತ ನಮ್ಮತ್ತೆ ಇವತ್ತಿಗೂ ಹೇಳುತ್ತಾರೆ. ಸಡಿಲ ಮಾಡುವುದು ಅಲ್ಲಿ ಗಟ್ಟಿಯಾಗಿ ಕೂತ ಕೊಳೆ.) ಆಮೇಲೆ ವಾಲಿದ ಹಲ್ಲನ್ನು ನೆಟ್ಟಗೆ ಮಾಡಲು ಎಂಟು ತಿಂಗಳು ಕ್ಲಿಪ್, 36ನೇ ವಯಸ್ಸಿನಲ್ಲಿ, ಹೈಸ್ಕೂಲ್ ಹುಡುಗರ ಜೊತೆ ಬೆಂಚಿನಲ್ಲಿ ಕೂತು. ಇಳಿದ ಮೇಲಿನ ಹಲ್ಲನ್ನು ತೇಯ್ದು ಗಿಡ್ಡ ಮಾಡಲು ಅದಕ್ಕೊಂದು ರೂಟ್ ಕೆನಾಲ್, ಒಂದು ಕ್ಯಾಪ್. ಒಂದು ಹುಳುಕೂ ಇಲ್ಲದ ಹಲ್ಲು ಅದು! ಕೊನೆಗೆ ಇಂಪ್ಲಾಂಟಿನ ತಿರುಪು ಕೂರಿಸಿ, ಎಲುಬು ಅದನ್ನು ಹಿಡಿದುಕೊಳ್ಳಲು ನಾಲ್ಕು ತಿಂಗಳು ಕಾಯುವುದು. ಮೂರ್ನಾಲ್ಕು ಸಲ ಬರಲು ಬೇಜಾರು ಮಾಡಿಕೊಂಡವನು ಎರಡು ವರ್ಷ ಶಿವಮೊಗ್ಗದ ಬಸ್ಸು ಹತ್ತಿದೆ.

ಹಾಗಾಗಿ ಬ್ರಿಡ್ಜಾ ಇಂಪ್ಲಾಂಟಾ ಅನ್ನುವ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ಜಾಗ ಎಷ್ಟು ಉಳಿದಿದೆ, ಮೇಲಿನ ಹಲ್ಲು ಇಳಿದಿದೆಯಾ, ವಸಡು ಹೇಗಿದೆ, ಮೊದಲು ಅದನ್ನು ಕೇಳಿ. ಎಲ್ಲರಿಗೂ ನನ್ನ ಹಾಗೆ ಆಗುವುದಿಲ್ಲ. ಕೆಲವರ ಹಲ್ಲು ಅಷ್ಟಾಗಿ ಸರಿಯುವುದೇ ಇಲ್ಲ, ಸುಮ್ನೆ ನೋಡಿಕೊಂಡಿದ್ದರೂ ಸಾಕಾಗಬಹುದು. ಆದರೆ ಆ ಮಾತನ್ನು ಅಳತೆ ಮಾಡಿದವರು ಹೇಳಬೇಕು, ನೀವಲ್ಲ. ಇನ್ನು ಬ್ರಿಡ್ಜ್ ಅಂದರೆ ಸಾಮಾನ್ಯವಾಗಿ ಅಕ್ಕಪಕ್ಕದ ಎರಡೂ ಹಲ್ಲು ತೇಯಬೇಕು. ಅವು ಗಟ್ಟಿಯಾಗಿದ್ದರೆ ನಾನಂತೂ ಒಪ್ಪುವುದಿಲ್ಲ.

ಆಕಳಿಸಿದಾಗ ಕಿವಿ ಹತ್ತಿರ ಟಕ್ ಅನ್ನುತ್ತದೆ ಅಂದಿರಿ. ನನಗೆ ಈಗಲೂ ಅನ್ನುತ್ತದೆ. ನೋವಿಲ್ಲದೆ, ಬಾಯಿ ಸಿಕ್ಕಿಕೊಳ್ಳದೆ ಬರೀ ಶಬ್ದ ಬಂದರೆ ಸಾಮಾನ್ಯವಾಗಿ ಚಿಕಿತ್ಸೆ ಬೇಕಾಗುವುದಿಲ್ಲ. ಅದಕ್ಕಾಗಿ ಒಳ್ಳೆ ಹಲ್ಲು ತೇಯುತ್ತೇವೆ ಅಂದರೆ ಎದ್ದು ಬನ್ನಿ.

ಬಾಯಿ ಬಿಗಿ ಅನ್ನಿಸುತ್ತದೆ ಅಂತಲೂ ಬರೆದಿದ್ದೀರಿ. ಇದು ಬೇರೆ ವಿಷಯ. ಕವಳ (ಎಲೆ ಅಡಿಕೆ) ಹಾಕುತ್ತೀರೋ ಇಲ್ಲವೋ ಹೇಳಿಲ್ಲ. ಅಡಿಕೆ ಜಾಸ್ತಿ ಅಗಿಯುವವರಿಗೆ ಕೆನ್ನೆಯ ಒಳಭಾಗ ನಾರುಗಟ್ಟಿ ಬಾಯಿ ತೆರೆಯುವುದೇ ಕಷ್ಟ ಆಗುವ ರೋಗ ಬರಬಹುದು. ಮುಂದೆ ಅದು ಕ್ಯಾನ್ಸರಿಗೂ ತಿರುಗಬಹುದು. ಅಡಿಕೆ ಮಾರಿ ಬದುಕುವ ಮನೆಯವನು ಇದನ್ನು ಬರೆಯುತ್ತಿದ್ದೇನೆ, ಬೈಯುವವರು ಬೈಯಲಿ. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಮುಂದಿನ ಹಲ್ಲುಗಳ ನಡುವೆ ತೂರಿಸಿ ನೋಡಿ. ಹೋಗದಿದ್ದರೆ ಹಲ್ಲಿನ ಜಾಗದ ಮಾತು ಆಮೇಲೆ, ಇದನ್ನು ಈ ವಾರವೇ ತೋರಿಸಿ. ನಮ್ಮ ಚಿಕ್ಕಪ್ಪನಿಗೆ ಎರಡೇ ಬೆರಳು ಹೋಗುತ್ತವೆ. ಕವಳದ ತಟ್ಟೆಯನ್ನು ಈಗ ನೆಂಟರಿಗೆ ಮಾತ್ರ ಇಡುತ್ತಾರೆ.