ಟೊಮೆಟೊ ಗ್ರೇಡಿಂಗ್ ಶೆಡ್‌ಗೆ ಡಿಜಿಟಲ್ ಟ್ವಿನ್ ಬೇಕೇ? ಅದಕ್ಕೆ ಮೊದಲು ಮಾಡಬೇಕಾದ ಲೆಕ್ಕ

ಶ್ರೀನಿವಾಸಪುರದ ಅಣ್ಣನವರಿಗೆ ನಮಸ್ಕಾರ. ನಿಮ್ಮ ರೈತ ಉತ್ಪಾದಕರ ಕಂಪನಿಯ ಗ್ರೇಡಿಂಗ್ ಶೆಡ್ ಮುಂದೆ ಮಧ್ಯಾಹ್ನದ ಮೇಲೆ ಟೊಮೆಟೊ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತಿವೆ, ಎರಡನೆಯ ಗ್ರೇಡಿಂಗ್ ಯಂತ್ರ ತರಬೇಕೆಂದು ಕೆಲವು ನಿರ್ದೇಶಕರು ಹೇಳುತ್ತಿದ್ದಾರೆ, ಈ ನಡುವೆ ಸಾಫ್ಟ್‌ವೇರ್ ಮಾರುವವರು ಬಂದು ಇಡೀ ಶೆಡ್‌ಗೆ ಡಿಜಿಟಲ್ ಟ್ವಿನ್ (ಕಂಪ್ಯೂಟರಿನಲ್ಲಿ ಶೆಡ್‌ನ ಪ್ರತಿರೂಪ) ಮಾಡಿಕೊಡುತ್ತೇವೆಂದು ದರಪಟ್ಟಿ ಕೊಟ್ಟು ಹೋಗಿದ್ದಾರೆ, ಯಾವುದಕ್ಕೆ ಹಣ ಹಾಕುವುದು ಸರಿ ಎಂದು ಕೇಳಿದ್ದೀರಿ. ನಾನು ವೇಮಗಲ್ ಕೈಗಾರಿಕಾ ಪ್ರದೇಶದ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಉತ್ಪಾದನಾ ಯೋಜನೆಯ ಕೆಲಸ ಮಾಡುತ್ತೇನೆ, ಮನೆಯಲ್ಲಿ ನಾವೂ ಟೊಮೆಟೊ ಬೆಳೆಯುತ್ತೇವೆ. ಎರಡೂ ಕಡೆಯ ಕೆಲಸವನ್ನು ಹತ್ತಿರದಿಂದ ನೋಡುವವನಾಗಿ ನನ್ನ ಸಲಹೆ ಏನೆಂದರೆ, ಸದ್ಯಕ್ಕೆ ಎರಡಕ್ಕೂ ಹಣ ಹಾಕಬೇಡಿ. ಒಂದೆರಡು ವಾರ ಗಾಡಿಗಳ ಸಮಯವನ್ನು ಪುಸ್ತಕದಲ್ಲಿ ಬರೆದಿಟ್ಟು, ಅದರ ಆಧಾರದ ಮೇಲೆ ಒಂದು ಸರಳ ಸಿಮ್ಯುಲೇಶನ್, ಅಂದರೆ ಶೆಡ್‌ನ ದಿನವನ್ನು ಲೆಕ್ಕದಲ್ಲಿಯೇ ನಡೆಸಿ ನೋಡುವ ಪ್ರಯೋಗ, ಮಾಡಿ ನೋಡಿ. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲಿಯೇ ಸಿಗುವ ಸಾಧ್ಯತೆ ಹೆಚ್ಚು.

ಮೊದಲು ಮಾರುವವರು ಹೇಳುವ ವಸ್ತು ಯಾವುದು ಎಂಬುದನ್ನು ತಿಳಿದುಕೊಳ್ಳಬೇಕು. ಒಂದು ವಸ್ತುವಿನ ಅಥವಾ ವ್ಯವಸ್ಥೆಯ ಜೀವಂತ ಪ್ರತಿರೂಪವನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುವ ಈ ಆಲೋಚನೆಯನ್ನು ಮೈಕೆಲ್ ಗ್ರೀವ್ಸ್ ಎಂಬವರು 2002ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಮಂಡಿಸಿದರು. ಅದಕ್ಕೆ ಡಿಜಿಟಲ್ ಟ್ವಿನ್ ಎಂಬ ಹೆಸರು ಬಂದದ್ದು ನಾಸಾದ ಜಾನ್ ವಿಕರ್ಸ್ ಅವರಿಂದ. ಕಾರ್ಖಾನೆಗಳಿಗೆ ಸಂಬಂಧಿಸಿದಂತೆ 2021ರಲ್ಲಿ ಐಎಸ್‌ಒ 23247 ಎಂಬ ಮಾನದಂಡವೂ ಬಂದಿದೆ. ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ಮೂರು ಮಟ್ಟಗಳನ್ನು ಗುರುತಿಸುತ್ತಾರೆ. ಮಾಹಿತಿಯನ್ನು ನಾವೇ ಕೈಯಿಂದ ತುಂಬಿ ಲೆಕ್ಕ ಹಾಕಿಸಿದರೆ ಅದು ಬರೀ ಮಾದರಿ. ತೂಕದ ಯಂತ್ರ, ಸೆನ್ಸರ್, ಜಿಪಿಎಸ್ ಮೊದಲಾದವುಗಳಿಂದ ಮಾಹಿತಿ ತಾನಾಗಿ ಮಾದರಿಗೆ ಹರಿದು ಬಂದರೆ ಅದು ನೆರಳು. ಮಾದರಿ ಹಾಕಿದ ಲೆಕ್ಕ ಮತ್ತೆ ಶೆಡ್‌ಗೆ ತಾನಾಗಿ ತಲುಪಿ, ಬೆಲ್ಟಿನ ವೇಗವನ್ನೋ ಗಾಡಿಗಳ ಸರದಿಯನ್ನೋ ಬದಲಿಸಿದರೆ ಮಾತ್ರ ಅದು ನಿಜವಾದ ಟ್ವಿನ್. ನಿಮಗೆ ತೋರಿಸಿದ ಬಣ್ಣಬಣ್ಣದ ಮೂರು ಆಯಾಮದ ಚಿತ್ರ ಈ ಮೂರರಲ್ಲಿ ಯಾವುದು ಎಂದು ಮೊದಲು ಕೇಳಿ. ಶೆಡ್‌ನ ಚಿತ್ರ ಪರದೆಯ ಮೇಲೆ ತಿರುಗಿದ ಮಾತ್ರಕ್ಕೆ ಅದು ಟ್ವಿನ್ ಆಗುವುದಿಲ್ಲ.

ಈಗ ನಿಮ್ಮ ಸಾಲಿನ ವಿಷಯ. ನೀವು ಸಂಖ್ಯೆಗಳನ್ನು ಕೊಟ್ಟಿಲ್ಲವಾದ್ದರಿಂದ ಒಂದು ಉದಾಹರಣೆ ಇಟ್ಟುಕೊಳ್ಳುತ್ತೇನೆ, ಅಲ್ಲಿ ನಿಮ್ಮ ಅಂಕಿಗಳನ್ನು ಹಾಕಿಕೊಳ್ಳಿ. ಯಂತ್ರ ಗಂಟೆಗೆ 15 ಕೆಜಿಯ 100 ಬಾಕ್ಸ್ ವಿಂಗಡಿಸುತ್ತದೆ, ಬೆಳಿಗ್ಗೆ 9ರಿಂದ ಸಂಜೆ 7ರವರೆಗೆ ಶೆಡ್ ತೆರೆದಿರುತ್ತದೆ, ದಿನಕ್ಕೆ 800 ಬಾಕ್ಸ್ ಬರುತ್ತವೆ ಎಂದುಕೊಳ್ಳಿ. ಸರಾಸರಿ ನೋಡಿದರೆ 1,000 ಬಾಕ್ಸ್ ಮಾಡಬಲ್ಲ ಯಂತ್ರಕ್ಕೆ 800 ಬಾಕ್ಸಿನ ಕೆಲಸ, ಎಲ್ಲವೂ ಸರಿಯಾಗಿದೆ. ಆದರೆ ಬೆಳಿಗ್ಗೆ ಕಿತ್ತ ಹಣ್ಣು ಮಧ್ಯಾಹ್ನ ಒಟ್ಟಿಗೆ ಹೊರಡುವುದರಿಂದ 800ರಲ್ಲಿ 500 ಬಾಕ್ಸ್ 2ರಿಂದ 5 ಗಂಟೆಯೊಳಗೆ ಬಂದರೆ, ಆ ಮೂರು ಗಂಟೆಯಲ್ಲಿ ಯಂತ್ರ 300 ಬಾಕ್ಸ್ ಮುಗಿಸುತ್ತದೆ, 200 ಬಾಕ್ಸ್ ಉಳಿಯುತ್ತವೆ. ಐದಕ್ಕೆ ಬಂದ ಗಾಡಿಯವರು ಎರಡು ಗಂಟೆ ಕಾಯಲೇಬೇಕು. ಈಗ ಎರಡನೆಯ ಯಂತ್ರ ತಂದರೆ ಈ ಸಾಲು ಕರಗುತ್ತದೆ ನಿಜ, ಆದರೆ ಆ ಯಂತ್ರ ದಿನದ ಉಳಿದ ಹೊತ್ತೆಲ್ಲ ಸುಮ್ಮನೆ ನಿಂತಿರುತ್ತದೆ. ಅದರ ಬದಲು ಹತ್ತಿರದ ಹಳ್ಳಿಗಳ 100 ಬಾಕ್ಸನ್ನು ಮಾತ್ರ ಮಧ್ಯಾಹ್ನಕ್ಕೆ ಮೊದಲೇ ತರುವಂತೆ ಒಪ್ಪಿಸಿದರೆ ಉಳಿಕೆ 100 ಬಾಕ್ಸಿಗೆ ಇಳಿಯುತ್ತದೆ, ಕೊನೆಯ ಗಾಡಿಯ ಕಾಯುವಿಕೆ ಒಂದು ಗಂಟೆಗೆ ಬರುತ್ತದೆ. ಖರ್ಚು ಒಂದು ವಾಟ್ಸಾಪ್ ಸಂದೇಶ ಮತ್ತು ಹಳ್ಳಿಗೊಂದು ಸಮಯ.

ಈ ಲೆಕ್ಕಕ್ಕೆ ಕಂಪ್ಯೂಟರೂ ಬೇಡ. ಆದರೆ ವಾಸ್ತವದಲ್ಲಿ ಗಾಡಿಗಳು ಹೀಗೆ ಸಮನಾಗಿ ಬರುವುದಿಲ್ಲ, ಪ್ರತಿ ಗಾಡಿಗೂ ಒಂದೇ ಸಮಯ ಹಿಡಿಯುವುದೂ ಇಲ್ಲ. ಸಾಲು ಬೆಳೆಯುವುದು ಈ ಏರುಪೇರಿನಿಂದ. 1909ರಲ್ಲಿ ಕೋಪನ್‌ಹೇಗನ್‌ನ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ಎಂಬ ಎಂಜಿನಿಯರ್ ಕರೆಗಳ ಬಗ್ಗೆ ಆರಂಭಿಸಿದ ಅಧ್ಯಯನದಿಂದ ಬೆಳೆದ ಸೂತ್ರಗಳು ಇಂದಿಗೂ ಕಾರ್ಖಾನೆಗಳಲ್ಲಿ ಬಳಕೆಯಲ್ಲಿವೆ. ಅವುಗಳ ಪ್ರಕಾರ, ಗೊತ್ತಾದ ಸಮಯವಿಲ್ಲದೆ ಗಾಡಿಗಳು ಬರುವ, ಇಳಿಸುವ ಸಮಯವೂ ಗಾಡಿಯಿಂದ ಗಾಡಿಗೆ ಬಹಳ ಬದಲಾಗುವ ಒಂದೇ ಕೌಂಟರಿನಲ್ಲಿ ಒಂದು ಗಾಡಿಗೆ ಸರಾಸರಿ 10 ನಿಮಿಷ ಹಿಡಿಯುತ್ತದೆ ಎಂದಾದರೆ, ಕೌಂಟರು ಶೇ. 80ರಷ್ಟು ಹೊತ್ತು ಕೆಲಸದಲ್ಲಿದ್ದಾಗ ಸರಾಸರಿ ಕಾಯುವಿಕೆ 40 ನಿಮಿಷ, ಶೇ. 90 ಆದಾಗ 90 ನಿಮಿಷ, ಶೇ. 95 ಆದಾಗ 190 ನಿಮಿಷ. ಕೆಲಸ ಸ್ವಲ್ಪವೇ ಹೆಚ್ಚಿದರೂ ಸಾಲು ಎಷ್ಟು ಪಟ್ಟು ಹೆಚ್ಚುತ್ತದೆ ನೋಡಿ. ಸುಗ್ಗಿಯ ದಿನಗಳಲ್ಲಿ ಇದ್ದಕ್ಕಿದ್ದಂತೆ ಶೆಡ್ ಕೈಮೀರಿ ಹೋದಂತೆ ಕಾಣುವುದು ಇದರಿಂದಲೇ, ಕೆಲಸಗಾರರ ಸೋಮಾರಿತನದಿಂದಲ್ಲ. ಅದೇ ಲೆಕ್ಕದಲ್ಲಿ ಪ್ರತಿ ಗಾಡಿಗೂ ಸರಿಯಾಗಿ 10 ನಿಮಿಷವೇ ಹಿಡಿಯುವಂತೆ ಮಾಡಲು ಸಾಧ್ಯವಾದರೆ ಕಾಯುವಿಕೆ ಅರ್ಧಕ್ಕೆ ಇಳಿಯುತ್ತದೆ. ಎಲ್ಲರೂ ಒಂದೇ ಅಳತೆಯ ಕ್ರೇಟ್ ತರುವುದು, ಚೀಟಿಯನ್ನು ತೋಟದಲ್ಲಿಯೇ ಬರೆದು ತರುವುದು, ಇಳಿಸಲು ಇಬ್ಬರು ಹಮಾಲರು ಯಾವಾಗಲೂ ಅಲ್ಲಿಯೇ ಇರುವುದು, ಇವೆಲ್ಲ ಸಣ್ಣ ಕೆಲಸಗಳಂತೆ ಕಂಡರೂ ಯಂತ್ರದಷ್ಟೇ ಬೆಲೆಯುಳ್ಳವು.

ಸೂತ್ರಗಳು ದಿನವಿಡೀ ಒಂದೇ ಸ್ಥಿತಿ ಇರುವಲ್ಲಿ ಮಾತ್ರ ಸರಿಯಾಗಿ ಹೊಂದುತ್ತವೆ. ನಿಮ್ಮಲ್ಲಿ ಮಧ್ಯಾಹ್ನದ ದಟ್ಟಣೆ, ಊಟದ ವಿರಾಮ, ಕರೆಂಟ್ ಹೋಗುವುದು ಎಲ್ಲ ಇರುವುದರಿಂದ ಸಿಮ್ಯುಲೇಶನ್ ಬೇಕಾಗುತ್ತದೆ. ಅದಕ್ಕೆ ಬೇಕಾದ ಮಾಹಿತಿ ಬಹಳವಿಲ್ಲ. ಗೇಟಿನಲ್ಲಿ ಒಬ್ಬರು ಪ್ರತಿ ಗಾಡಿಗೂ ಐದು ವಿಷಯ ಬರೆದರೆ ಸಾಕು: ಗೇಟಿಗೆ ಬಂದ ಸಮಯ, ಬಾಕ್ಸ್‌ಗಳ ಸಂಖ್ಯೆ, ಇಳಿಸಲು ಆರಂಭಿಸಿದ ಸಮಯ, ವಿಂಗಡಣೆ ಮುಗಿದ ಸಮಯ, ಗಾಡಿ ಹೊರಟ ಸಮಯ. ಜೊತೆಗೆ ಯಂತ್ರ ನಿಂತಾಗಲೆಲ್ಲ ಎಷ್ಟು ಹೊತ್ತು, ಏಕೆ ಎಂಬುದನ್ನು ಬೇರೆ ಹಾಳೆಯಲ್ಲಿ ಬರೆಯಬೇಕು. ಸಮಯವನ್ನು ಅಂದಾಜಿನಲ್ಲಿ ಕಾಲು ಗಂಟೆಗೆ ಸರಿಹೊಂದಿಸದೆ ನಿಮಿಷದ ಲೆಕ್ಕದಲ್ಲಿಯೇ ಬರೆಯುವಂತೆ ದಯವಿಟ್ಟು ನೋಡಿಕೊಳ್ಳಿ. ಸಂಜೆ ಕುಳಿತು ನೆನಪಿನಿಂದ ತುಂಬಿದ ಪುಸ್ತಕದಿಂದ ಏನೂ ಪ್ರಯೋಜನವಿಲ್ಲ.

ನಂತರ ಎಕ್ಸೆಲ್ ಹಾಳೆಯಲ್ಲಿ ಒಂದು ಸಾಲಿಗೆ ಒಂದು ಗಾಡಿ ಹಾಕಿ. ಒಂದು ಕಾಲಂನಲ್ಲಿ ಬಂದ ಸಮಯ, ಇನ್ನೊಂದರಲ್ಲಿ ಕೆಲಸಕ್ಕೆ ಹಿಡಿಯುವ ನಿಮಿಷ. ಕೆಲಸ ಆರಂಭವಾಗುವ ಸಮಯವೆಂದರೆ ಈ ಗಾಡಿ ಬಂದ ಸಮಯ ಮತ್ತು ಹಿಂದಿನ ಗಾಡಿ ಮುಗಿದ ಸಮಯ, ಇವೆರಡರಲ್ಲಿ ಯಾವುದು ತಡವೋ ಅದು. ಅದಕ್ಕೆ ಕೆಲಸದ ನಿಮಿಷ ಕೂಡಿಸಿದರೆ ಮುಗಿಯುವ ಸಮಯ, ಆರಂಭದಿಂದ ಬಂದ ಸಮಯವನ್ನು ಕಳೆದರೆ ಕಾದ ಸಮಯ. ಇಷ್ಟೇ ಮಾದರಿ. ಕೆಲಸದ ನಿಮಿಷಕ್ಕೆ ಸರಾಸರಿಯನ್ನು ಹಾಕಬಾರದು, ಇದು ಬಹಳ ಮುಖ್ಯ. ನಿಮ್ಮ ಪುಸ್ತಕದಲ್ಲಿ ದಾಖಲಾದ ನಿಜವಾದ ಸಮಯಗಳ ಪಟ್ಟಿಯಿಂದ ಒಂದೊಂದನ್ನು ಯಾದೃಚ್ಛಿಕವಾಗಿ ಆರಿಸಿಕೊಳ್ಳುವಂತೆ ಇಂಡೆಕ್ಸ್ ಮತ್ತು ರ‍್ಯಾಂಡ್‌ಬಿಟ್ವೀನ್ ಸೂತ್ರಗಳನ್ನು ಬಳಸಿ. ದೊಡ್ಡ ಗಾಡಿಗಳಿಗೂ ಸಣ್ಣ ಗಾಡಿಗಳಿಗೂ ಬೇರೆ ಬೇರೆ ಪಟ್ಟಿ ಇರಲಿ, ಇಲ್ಲದಿದ್ದರೆ 20 ಬಾಕ್ಸಿನ ಟಾಟಾ ಏಸ್‌ಗೆ ಕ್ಯಾಂಟರಿನ ಸಮಯ ಬಂದು ಕುಳಿತುಕೊಳ್ಳುತ್ತದೆ. ಗಾಡಿಗಳು ಬರುವ ಸಮಯಕ್ಕೆ ಮಾತ್ರ ದಾಖಲಾದ ದಿನಗಳನ್ನೇ ಇದ್ದಂತೆ ಇಟ್ಟುಕೊಂಡರೆ ಮಧ್ಯಾಹ್ನದ ದಟ್ಟಣೆ ಹಾಗೆಯೇ ಉಳಿಯುತ್ತದೆ. ಎಫ್9 ಒತ್ತಿದಾಗಲೆಲ್ಲ ಇನ್ನೊಂದು ದಿನ ನಡೆದಂತೆ ಹೊಸ ಫಲಿತಾಂಶ ಬರುತ್ತದೆ. ಒಂದೇ ಸಲದ ಫಲಿತಾಂಶವನ್ನು ನಂಬದೆ, ಕನಿಷ್ಠ 30 ಸಲ ನಡೆಸಿ ಬರೆದುಕೊಳ್ಳಿ. ಸರಾಸರಿ ಕಾಯುವಿಕೆಗಿಂತ, ಹತ್ತರಲ್ಲಿ ಒಂದು ಗಾಡಿ ಎಷ್ಟು ಹೊತ್ತಿಗಿಂತ ಹೆಚ್ಚು ಕಾಯುತ್ತದೆ ಎಂಬುದನ್ನು ನೋಡಿ. ರೈತರು ನೆನಪಿಟ್ಟುಕೊಳ್ಳುವುದು, ಮುಂದಿನ ಸಲ ನೇರವಾಗಿ ಕೋಲಾರದ ಎಪಿಎಂಸಿಗೆ ಹೋಗಿಬಿಡುವುದು ಹಾಗೆ ಬಹಳ ಹೊತ್ತು ಕಾದ ದಿನದ ಕಾರಣದಿಂದಲೇ.

ಯಾವ ಬದಲಾವಣೆಯನ್ನೂ ಪರೀಕ್ಷಿಸುವ ಮೊದಲು ಮಾದರಿಯನ್ನೇ ಪರೀಕ್ಷಿಸಬೇಕು. ಈಗಿರುವ ಒಂದು ಯಂತ್ರದೊಂದಿಗೆ ನಡೆಸಿದಾಗ ಹಾಳೆ ತೋರಿಸುವ ಕಾಯುವಿಕೆ, ಪುಸ್ತಕದಲ್ಲಿ ದಾಖಲಾದ ಕಾಯುವಿಕೆಗೆ ಹತ್ತಿರ ಇರಬೇಕು. ಹಾಳೆ 40 ನಿಮಿಷ ಎನ್ನುತ್ತಿದೆ, ಗೇಟಿನಲ್ಲಿ ಎರಡು ಗಂಟೆ ಆಗುತ್ತಿದೆ ಎಂದಾದರೆ ನಾವು ಏನನ್ನೋ ಬಿಟ್ಟಿದ್ದೇವೆ ಎಂದೇ ಅರ್ಥ. ಹೀಗೆ ಬಿಟ್ಟುಹೋಗುವ ವಿಷಯಗಳಲ್ಲಿ ನಮ್ಮ ಕಡೆ ಮುಖ್ಯವಾದದ್ದು ಖಾಲಿ ಕ್ರೇಟ್ ಎಂಬುದು ನನ್ನ ಬಲವಾದ ಅನುಮಾನ.

ಕ್ರೇಟಿನ ಲೆಕ್ಕವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ವಿಂಗಡಿಸಿದ ಹಣ್ಣನ್ನು ತುಂಬಲು ಖಾಲಿ ಕ್ರೇಟ್ ಇಲ್ಲದಿದ್ದರೆ ಯಂತ್ರ ನಿಲ್ಲುತ್ತದೆ. ಹೊರಗೆ ನಿಂತವರಿಗೆ ಯಂತ್ರವೇ ನಿಧಾನ ಎಂದು ಕಾಣುತ್ತದೆ. ಜಾನ್ ಲಿಟಲ್ ಎಂಬವರು 1961ರಲ್ಲಿ ಸಾಧಿಸಿ ತೋರಿಸಿದ ಒಂದು ನಿಯಮವಿದೆ: ವ್ಯವಸ್ಥೆಯಲ್ಲಿ ಇರುವ ವಸ್ತುಗಳ ಸರಾಸರಿ ಸಂಖ್ಯೆಯು, ಅವು ಒಳಬರುವ ವೇಗವನ್ನು ಒಂದೊಂದೂ ಒಳಗಿರುವ ಸರಾಸರಿ ಸಮಯದಿಂದ ಗುಣಿಸಿದಷ್ಟಿರುತ್ತದೆ. ಬಾಕ್ಸಿಗೊಂದರಂತೆ ದಿನಕ್ಕೆ 800 ಕ್ರೇಟ್ ಹೊರಗೆ ಹೋಗಿ, ಒಂದೊಂದೂ ಮಂಡಿಗೆ ಹೋಗಿ ಮರಳಲು ಸರಾಸರಿ 4 ದಿನ ಹಿಡಿದರೆ, 3,200 ಕ್ರೇಟ್ ಸದಾ ಓಡಾಟದಲ್ಲಿಯೇ ಇರುತ್ತವೆ. ನಿಮ್ಮ ಬಳಿ ಇರುವುದು 2,500 ಆದರೆ ಎಷ್ಟು ಯಂತ್ರ ತಂದರೂ ದಿನಕ್ಕೆ 625 ಬಾಕ್ಸಿಗಿಂತ ಹೆಚ್ಚು ಕಳಿಸಲಾಗುವುದಿಲ್ಲ. ಮರಳುವ ಸಮಯವನ್ನು 3 ದಿನಕ್ಕೆ ಇಳಿಸಿದರೆ 2,400 ಕ್ರೇಟಿನಲ್ಲಿಯೇ 800 ಬಾಕ್ಸ್ ನಡೆಯುತ್ತದೆ. ಒಡೆದು ಹೋಗುವುದಕ್ಕೆ, ಮಾರುಕಟ್ಟೆ ರಜೆಗೆ ಮೇಲೆ ಸ್ವಲ್ಪ ಇಟ್ಟುಕೊಳ್ಳಬೇಕು. ಹಣ್ಣು ಇಳಿಸಿ ಬರುವ ಗಾಡಿಯಲ್ಲಿಯೇ ಖಾಲಿ ಕ್ರೇಟ್ ವಾಪಸ್ ಬರಬೇಕೆಂದು ಮಂಡಿಯವರೊಡನೆ ಒಪ್ಪಂದ ಮಾಡಿಕೊಳ್ಳುವುದು, ಬಾಡಿಗೆಯ ಮಾತನ್ನೂ ಆಗಲೇ ಸೇರಿಸಿಕೊಳ್ಳುವುದು ನನಗೆ ಯಾವ ಸಾಫ್ಟ್‌ವೇರ್‌ಗಿಂತ ತುರ್ತಾಗಿ ಕಾಣುತ್ತದೆ.

ತೂಕ, ವಿಂಗಡಣೆ, ತುಂಬುವುದು, ಲೋಡಿಂಗ್ ಎಲ್ಲದಕ್ಕೂ ಅದೇ ಹಮಾಲರು ಓಡಾಡುತ್ತಿದ್ದರೆ ಎಕ್ಸೆಲ್ ಹಾಳೆ ಸಾಲದು. ಆಗ ಜಾಮ್‌ಸಿಮ್ ಎಂಬ ತಂತ್ರಾಂಶವನ್ನು ಉಚಿತವಾಗಿ ಬಳಸಬಹುದು. ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಬಲ್ಲ ಮಕ್ಕಳು ಮನೆಯಲ್ಲಿದ್ದರೆ ಸಿಂಪೈ ಎಂಬ ಲೈಬ್ರರಿಯೂ (ಸಿದ್ಧ ಕೋಡ್‌ಗಳ ಸಂಗ್ರಹ) ಉಚಿತವಾಗಿಯೇ ಸಿಗುತ್ತದೆ. ಕಾರ್ಖಾನೆಗಳಲ್ಲಿ ಅರೇನಾ, ಎನಿಲಾಜಿಕ್, ಪ್ಲಾಂಟ್ ಸಿಮ್ಯುಲೇಶನ್ ಮೊದಲಾದವನ್ನು ಬಳಸುತ್ತಾರೆ. ಹೊಸ ಲೈನಿನ ಯಂತ್ರಗಳಿಗೆ ನೆಲದಲ್ಲಿ ಕಾಂಕ್ರೀಟ್ ಬೀಳುವ ಮೊದಲೇ ಎಲ್ಲಿ ಸರಕು ಗುಡ್ಡೆ ಬೀಳುತ್ತದೆ, ಎಲ್ಲಿ ಫೋರ್ಕ್‌ಲಿಫ್ಟ್‌ಗಳು ಎದುರಾಗುತ್ತವೆ ಎಂದು ನೋಡಿಕೊಳ್ಳುವುದಕ್ಕೆ ಅವು ಬೇಕೇ ಬೇಕು. ನಿಮ್ಮ ಶೆಡ್‌ಗೆ ಅಷ್ಟು ದೂರ ಹೋಗಬೇಕಾಗಿಲ್ಲ.

ಹಾಗಾದರೆ ಟ್ವಿನ್ ಎಂದಿಗೂ ಬೇಡವೇ ಎಂದರೆ, ಹಾಗಲ್ಲ. ಮಾಹಿತಿ ಕ್ಷಣಕ್ಷಣಕ್ಕೂ ಬದಲಾಗುವ, ಅದನ್ನು ನೋಡಿ ತಕ್ಷಣ ಏನಾದರೂ ಮಾಡಲೇಬೇಕಾದ ಕಡೆ ಅದಕ್ಕೆ ಬೆಲೆಯಿದೆ. ಮುಂದೆ ನೀವು ಶೀತಲಗೃಹ ಕಟ್ಟುವ ಯೋಚನೆಯಲ್ಲಿದ್ದರೆ ಅದು ಒಳ್ಳೆಯ ಜಾಗ. ಪೂರ್ತಿ ಬಣ್ಣ ಬಾರದ ಟೊಮೆಟೊವನ್ನು ಸುಮಾರು 12–13 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗೆ ಬಹಳ ದಿನ ಇಟ್ಟರೆ ಹಣ್ಣು ಸರಿಯಾಗಿ ಮಾಗುವುದಿಲ್ಲ, ಬೆಚ್ಚಗಿಟ್ಟರೆ ಬೇಗ ಮಾಗಿ ಮೆತ್ತಗಾಗುತ್ತದೆ. ಒಳಗಿನ ತಾಪಮಾನ, ಬಾಗಿಲು ತೆರೆದ ಹೊತ್ತು, ಒಳಗೆ ಹೋದ ಹಣ್ಣಿನ ತೂಕ ಇವನ್ನೆಲ್ಲ ಸೆನ್ಸರುಗಳಿಂದ ಪಡೆದು, ಮುಂದಿನ ಕೆಲವು ಗಂಟೆಗಳಲ್ಲಿ ಏನಾಗುತ್ತದೆ ಎಂದು ಲೆಕ್ಕ ಹಾಕಿ ಕಂಪ್ರೆಸರ್ ನಡೆಸುವ ವ್ಯವಸ್ಥೆ ಹಣ್ಣನ್ನೂ ಕರೆಂಟ್ ಬಿಲ್ಲನ್ನೂ ಉಳಿಸಬಲ್ಲದು. ಆಗಲೂ ಸೆನ್ಸರುಗಳನ್ನು ಆಗಾಗ ಸರಿನೋಡುವವರು ಒಬ್ಬರು ಶೆಡ್‌ನಲ್ಲಿಯೇ ಇರಬೇಕು, ಏಕೆಂದರೆ ತಪ್ಪು ತಾಪಮಾನ ತೋರಿಸುವ ಸೆನ್ಸರ್ ಇದ್ದರೆ ಟ್ವಿನ್ ಬಹಳ ನಂಬಿಕೆಯಿಂದ ತಪ್ಪು ನಿರ್ಧಾರ ಮಾಡುತ್ತದೆ.

ದರಪಟ್ಟಿ ಕೊಟ್ಟವರನ್ನು ಮತ್ತೊಮ್ಮೆ ಕರೆಸುವುದಾದರೆ ಈ ವಿಷಯಗಳನ್ನು ಬರವಣಿಗೆಯಲ್ಲಿ ಕೇಳಿ. ಯಾವ ಮಾಹಿತಿ ಯಾವ ಸಾಧನದಿಂದ ತಾನಾಗಿ ಬರುತ್ತದೆ, ಯಾವುದನ್ನು ನಮ್ಮವರು ಕೈಯಿಂದ ತುಂಬಬೇಕು? ಇಂಟರ್ನೆಟ್ ಇಲ್ಲದಾಗ ಏನಾಗುತ್ತದೆ? ಅವರ ಮಾದರಿ ನಮ್ಮ ಶೆಡ್‌ನ ಕಳೆದ ವಾರದ ಸಾಲನ್ನು ಸರಿಯಾಗಿ ತೋರಿಸುತ್ತದೆಯೇ? ವರ್ಷದ ನಂತರ ಶುಲ್ಕ ಎಷ್ಟು? ಒಪ್ಪಂದ ಮುರಿದರೆ ಎಲ್ಲ ಮಾಹಿತಿಯೂ ಎಕ್ಸೆಲ್ ರೂಪದಲ್ಲಿ ನಮ್ಮ ಕೈಗೆ ಬರುತ್ತದೆಯೇ? ಮೂರನೆಯ ಪ್ರಶ್ನೆಗೆ ಉತ್ತರ ಕೊಡಲಾಗದವರೊಡನೆ ಮುಂದಿನ ಮಾತು ಬೇಡವೆಂಬುದು ನನ್ನ ಅಭಿಪ್ರಾಯ, ಮತ್ತು ಆ ಪ್ರಶ್ನೆ ಕೇಳಲು ನಿಮ್ಮ ಬಳಿ ಗೇಟಿನ ಪುಸ್ತಕ ಇರಲೇಬೇಕು.

ಪುಸ್ತಕದ ಮೊದಲ ವಾರ ಮುಗಿದ ಕೂಡಲೇ ಪುಟಗಳ ಫೋಟೋ ಇಲ್ಲಿಯೇ ಹಾಕಿ, ರೈತರ ಹೆಸರು ಮತ್ತು ಗಾಡಿ ನಂಬರುಗಳನ್ನು ಮಾತ್ರ ಮುಚ್ಚಿರಿ. ಭಾನುವಾರ ನನಗೆ ಬಿಡುವಿರುತ್ತದೆ. ಹಾಳೆಯನ್ನು ಸಿದ್ಧಪಡಿಸಿ, ಒಂದು ಯಂತ್ರ, ಎರಡು ಯಂತ್ರ, ಹಳ್ಳಿಗೊಂದು ಸಮಯ, ಹೆಚ್ಚು ಕ್ರೇಟ್ ಈ ನಾಲ್ಕನ್ನೂ ನಡೆಸಿ ಫಲಿತಾಂಶವನ್ನು ನಿರ್ದೇಶಕರ ಸಭೆಗೆ ಮೊದಲೇ ಕಳಿಸಿಕೊಡುತ್ತೇನೆ.