ಕೋಲಾರದ ನಮ್ಮ ಸರ್ಕಾರಿ ಶಾಲೆಯ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇದೆ. ನಗರಸಭೆ ನಲ್ಲಿ ಹಾಕಿಸಲು ಸರ್ಕಾರದ ಹಣ ಸಿಗುತ್ತದೆಯೇ?
ಸಿಗುತ್ತದೆ. ಶಾಲೆ ಪಂಚಾಯಿತಿಗೆ ಸೇರಿದ್ದರೆ ಹಳ್ಳಿಗಳಿಗೆ ನಲ್ಲಿ ನೀರು ಕೊಡುವ ಜಲ ಜೀವನ್ ಮಿಷನ್‌ ಯೋಜನೆಯಲ್ಲೇ ಕೇಳಿ. ಅದು ಮನೆಗಳಿಗೆ ಮಾತ್ರ ಅಲ್ಲ, ಶಾಲೆ, ಅಂಗನವಾಡಿಗೂ ಇದೆ. ನಗರದೊಳಗಿದ್ದರೆ ನಗರಸಭೆ ಅನುದಾನ, ಇಲ್ಲವೇ ಶಾಸಕರ ಪ್ರದೇಶಾಭಿವೃದ್ಧಿ ನಿಧಿ.

ಮೊದಲು ನೀರು ಪರೀಕ್ಷೆ ಮಾಡಿಸಿ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದರೆ ನಿಮ್ಮ ವಾದ ಗಟ್ಟಿ. ಕುದಿಸಿ ಕುಡಿಯಿರಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ಜಾಸ್ತಿಯಾಗುತ್ತದೆ! ನೀರಿನ ಪರೀಕ್ಷೆಯ ವರದಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ನಿರ್ಣಯ ಎರಡನ್ನೂ ಸೇರಿಸಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮತ್ತು ನಗರಸಭೆ ಪೌರಾಯುಕ್ತರಿಗೆ ಅರ್ಜಿ ಕೊಡಿ. ವರದಿ ಇಲ್ಲದ ಅರ್ಜಿ ಸುಮ್ನೆ ಫೈಲಿನಲ್ಲಿ ಕೂರುತ್ತದೆ. ಅಂದಾಜು ಪಟ್ಟಿಯಲ್ಲಿ ಪೈಪಿನ ಜೊತೆ ಬೇರೆ ಸಂಪನ್ನೂ ಸೇರಿಸಿ. ಬೋರ್‌ವೆಲ್ ನೀರು, ನಲ್ಲಿ ನೀರು ಎರಡೂ ಒಂದೇ ಸಂಪಿಗೆ ಬಿದ್ದರೆ ಏನು ಪ್ರಯೋಜನ, ಅಲ್ವಾ?