ಅರ್ಧ ಬೆಲೆಯ ಗೇಮ್, ಆದರೆ ಬೀಗ ಇದೆ: ಕೊಳ್ಳಬಹುದೇ?

ಪ್ರಶ್ನೆ: ನನಗೆ ಬೇಕಾದ ಗೇಮ್ ಎರಡು ಆನ್‌ಲೈನ್ ಸ್ಟೋರ್‌ಗಳಲ್ಲಿ ಇದೆ. ಸ್ಟೀಮ್‌ನಲ್ಲಿ ಈಗ ಸೇಲ್, ಅರ್ಧ ಬೆಲೆ. ಜಿಒಜಿಯಲ್ಲಿ ಪೂರ್ತಿ ಬೆಲೆ, ಆದರೆ ಡಿಆರ್‌ಎಂ, ಅಂದರೆ ಕಾಪಿ ಮಾಡದಂತೆ ತಡೆಯುವ ಬೀಗ, ಇಲ್ಲವಂತೆ. ನಾನು ಗೇಮ್ ಕಾಪಿ ಮಾಡಿ ಹಂಚುವವನಲ್ಲ. ಬೀಗ ಇದ್ದರೆ ನನಗೇನು ನಷ್ಟ? ಜಾಸ್ತಿ ದುಡ್ಡು ಯಾಕೆ ಕೊಡಲಿ?

ಉತ್ತರ: ತಿಂಗಳೊಳಗೆ ಆಡಿ ಮುಗಿಸಿ ಮರೆತುಬಿಡುವ ಗೇಮ್ ಆದರೆ ಅರ್ಧ ಬೆಲೆಯದ್ದನ್ನೇ ತಗೊಳ್ಳಿ, ಜಾಸ್ತಿ ಯೋಚಿಸಬೇಡಿ. ಐದು ವರ್ಷ ಬಿಟ್ಟು ಮತ್ತೆ ಆಡಬೇಕು ಅನ್ನಿಸುವಂಥದ್ದಾದರೆ ಮಾತ್ರ ಬೀಗ ಎಂಥದ್ದು ಅಂತ ನೋಡಬೇಕು.

ನನಗೇನು ನಷ್ಟ ಅಂತ ಕೇಳಿದ್ದೀರಿ. ಕದ್ದವನ ಕಾಪಿಯಲ್ಲಿ ಬೀಗ ಆಗಲೇ ಒಡೆದಿರುತ್ತದೆ. ಬೀಗ ಕೈಕೊಟ್ಟಾಗ ಹೊರಗೆ ನಿಲ್ಲುವವನು ದುಡ್ಡು ಕೊಟ್ಟವನೇ, ಅಲ್ವಾ? 2013ರಲ್ಲಿ ಸಿಮ್‌ಸಿಟಿ ಗೇಮ್ ಬಂದಾಗ ಒಬ್ಬರೇ ಆಡಲೂ ಕಂಪನಿಯ ಸರ್ವರ್ ಬೇಕಿತ್ತು. ಮೊದಲ ದಿನಗಳಲ್ಲಿ ಸರ್ವರ್ ಆ ಜನಜಂಗುಳಿ ತಡೆಯಲಿಲ್ಲ. ಕೊಂಡವರು ಮನೆಯಲ್ಲಿ ಕೂತೇ ಸರತಿ ಕಾದರು. ಆಫ್‌ಲೈನ್ ಆಡುವ ಅವಕಾಶ ಬಂದದ್ದು 2014ರಲ್ಲಿ. 2021ರ ಕೊನೆಗೆ ಇಂಟೆಲ್‌ನ 12ನೇ ತಲೆಮಾರಿನ ಪ್ರೊಸೆಸರ್‌ಗಳು ಬಂದವು. ಅವುಗಳಲ್ಲಿ ದೊಡ್ಡದು, ಚಿಕ್ಕದು ಅಂತ ಎರಡು ಬಗೆಯ ಕೋರ್‌ಗಳು, ಅಂದರೆ ಲೆಕ್ಕ ಮಾಡುವ ಭಾಗಗಳು. ಕೆಲವು ಗೇಮ್‌ಗಳ ಬೀಗಕ್ಕೆ ಚಿಕ್ಕ ಕೋರ್‌ಗಳು ಬೇರೆ ಕಂಪ್ಯೂಟರ್ ಥರ ಕಂಡವು. ಹೊಸ ಮೆಷಿನ್ ಕೊಂಡವರಿಗೆ ತಮ್ಮದೇ ಗೇಮ್ ಓಡಲಿಲ್ಲ.

ನನಗೂ ಒಮ್ಮೆ ಬಿಸಿ ಮುಟ್ಟಿದೆ. ಗೇಮ್ ಒಂದು ತಡವರಿಸುತ್ತಿತ್ತು. ಸರಿ ಮಾಡೋಣ ಅಂತ, ವಿಂಡೋಸ್ ಗೇಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್‌ನ ಆವೃತ್ತಿಗಳನ್ನು ಒಂದಾದ ಮೇಲೊಂದು ಬದಲಿಸಿ ನೋಡಿದೆ. ಬೀಗದ ಲೆಕ್ಕದಲ್ಲಿ ಪ್ರತಿಯೊಂದೂ ಹೊಸ ಕಂಪ್ಯೂಟರ್! ದಿನದ ಮಿತಿ ಮುಗಿದು ಮಾರನೆಯ ದಿನದವರೆಗೆ ಬಾಗಿಲು ಬಂದ್. ರಜೆಯ ದಿನ ಬೇರೆ.

ಹಾಗಂತ ಎಲ್ಲ ಬೀಗವೂ ಒಂದೇ ಅಲ್ಲ. ಸ್ಟೀಮ್‌ನದ್ದೇ ಬೀಗ ಹಗುರ. ನಿಮ್ಮ ಅಕೌಂಟ್‌ನಲ್ಲಿ ಗೇಮ್ ಇದೆಯೇ ಅಂತ ನೋಡುತ್ತದೆ, ಆಮೇಲೆ ಆಫ್‌ಲೈನ್ ಮೋಡ್‌ನಲ್ಲೂ ಆಡಬಹುದು. ಸ್ಟೀಮ್‌ನಲ್ಲಿ ಮಾರುವ ಕೆಲವು ಗೇಮ್‌ಗಳಿಗೆ ಆ ಬೀಗವೂ ಇರುವುದಿಲ್ಲ. ಅದನ್ನು ಹಾಕುವುದು ಬಿಡುವುದು ಗೇಮ್ ಮಾಡಿದವರಿಗೆ ಬಿಟ್ಟದ್ದು. ಡೆನುವೋ ಎಂಬ ಹೊರಗಿನ ಕಂಪನಿಯ ಬೀಗ ಇನ್ನೊಂದು ಮೆಟ್ಟಿಲು ಮೇಲೆ. ಅದು ಆಗಾಗ ಇಂಟರ್‌ನೆಟ್ ಮೂಲಕ ವಿಚಾರಿಸಿಕೊಳ್ಳುತ್ತದೆ. ದಿನಕ್ಕೆ 5 ಕಂಪ್ಯೂಟರ್ ಎಂಬ ಮಿತಿ ಸಾಮಾನ್ಯ. ಇಂಥ ಹೊರಗಿನ ಬೀಗದ ವಿವರ ಸ್ಟೀಮ್‌ನಲ್ಲಿ ಗೇಮ್ ಪುಟದ ಬಲಬದಿಯ ಪಟ್ಟಿಯಲ್ಲಿ ಚಿಕ್ಕದಾಗಿ ಬರೆದಿರುತ್ತದೆ. ದುಡ್ಡು ಕಟ್ಟುವ ಮೊದಲು ಒಮ್ಮೆ ಕಣ್ಣಾಡಿಸಿ.

ಸದಾ ಸರ್ವರ್ ಬೇಡುವ ಗೇಮ್ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಯೂಬಿಸಾಫ್ಟ್‌ನ ದಿ ಕ್ರೂ 2014ರಲ್ಲಿ ಬಂತು. 2024ರ ಮಾರ್ಚ್ 31ಕ್ಕೆ ಸರ್ವರ್ ನಿಲ್ಲಿಸಿದರು. ಒಬ್ಬರೇ ಕಾರು ಓಡಿಸಿಕೊಂಡು ತಿರುಗುವುದೂ ಅಲ್ಲಿಗೆ ಮುಗಿಯಿತು. ಡಿಸ್ಕ್ ಕೊಂಡವರಿಗೂ ಅದೇ ಗತಿ. ಇಂಥದ್ದಕ್ಕೆ ಪೂರ್ತಿ ಬೆಲೆ ಕೊಡಬೇಡಿ. ಬಾಡಿಗೆ ಕಟ್ಟಿದೆ ಅಂತ ಮನಸ್ಸಿಗೆ ಒಪ್ಪುವಷ್ಟು ಅಗ್ಗವಾದಾಗ ನೋಡಿದರಾಯಿತು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಒಂದು ಕಾನೂನು ಬಂದಿದೆ. ಡಿಜಿಟಲ್ ಮಾಲಿಗೆ ‘ಖರೀದಿ’ ಅಂತ ಬಟನ್ ಹಾಕುವವರು ಇದು ಬರೀ ಲೈಸೆನ್ಸ್ ಅಂತ ಸ್ಪಷ್ಟವಾಗಿ ಹೇಳಬೇಕು. ಡೌನ್‌ಲೋಡ್ ಮಾಡಿ ಕಾಯಂ ಆಫ್‌ಲೈನ್ ಇಟ್ಟುಕೊಳ್ಳಬಹುದಾದ ಮಾಲಿಗೆ ಆ ನಿಯಮದಿಂದ ವಿನಾಯಿತಿ.

ನೀವು ಜಿಒಜಿಗೆ ಜಾಸ್ತಿ ಕೊಡುವುದು ಆಫ್‌ಲೈನ್ ಇನ್‌ಸ್ಟಾಲರ್‌ಗೆ, ಅಂದರೆ ಇಂಟರ್‌ನೆಟ್ ಇಲ್ಲದೆಯೂ ಗೇಮ್ ಹಾಕಿಕೊಳ್ಳಬಹುದಾದ ಫೈಲ್‌ಗೆ. ಅದನ್ನು ಇಳಿಸಿಕೊಂಡು ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟರೆ, ನಾಳೆ ಅಂಗಡಿ ಮುಚ್ಚಿದರೂ ಗೇಮ್ ನಿಮ್ಮ ಹತ್ತಿರ ಇರುತ್ತದೆ. ಇಳಿಸಿಕೊಳ್ಳದೆ ಬಿಟ್ಟರೆ ಜಾಸ್ತಿ ಕೊಟ್ಟದ್ದು ಸುಮ್ನೆ. ನನ್ನ ಜಿಒಜಿ ಅಕೌಂಟ್‌ನಲ್ಲೇ ಅರ್ಧಕ್ಕರ್ಧ ಗೇಮ್‌ಗಳ ಇನ್‌ಸ್ಟಾಲರ್ ಇನ್ನೂ ಇಳಿಸಿಲ್ಲ, ಸೋಮಾರಿತನ.

ಪ್ರಶ್ನೆ: ಕಾದರೆ ಬೀಗ ತಾನಾಗಿಯೇ ಹೋಗುತ್ತದೆಯೇ?

ಉತ್ತರ: ಎಷ್ಟೋ ಸಲ ಹೋಗುತ್ತದೆ. ಕಂಪನಿಗೆ ಬೀಗ ಮುಖ್ಯವಾಗಿ ಬೇಕಾಗುವುದು ಮಾರಾಟ ಜೋರಾಗಿರುವ ಮೊದಲ ವಾರಗಳಲ್ಲಿ. 2016ರ ಮೇನಲ್ಲಿ ಬಂದ ಡೂಮ್ ಗೇಮ್‌ನಿಂದ ಡೆನುವೋವನ್ನು ಅದೇ ಡಿಸೆಂಬರ್‌ನಲ್ಲಿ ತೆಗೆದರು. ಅಷ್ಟು ಹೊತ್ತಿಗೆ ಬೆಲೆಯೂ ಇಳಿಯುತ್ತದೆ, ಹಾಗಾಗಿ ಕಾಯುವವರಿಗೆ ಎರಡೂ ಕಡೆ ಲಾಭ. ಎಲ್ಲರೂ ತೆಗೆಯುತ್ತಾರೆ ಅಂತ ನಂಬಿ ಕೂರಬೇಡಿ. ಗೇಮ್ ಅನ್ನು ವಿಶ್‌ಲಿಸ್ಟ್‌ಗೆ ಹಾಕಿ, ಸೇಲ್ ಬಂದಾಗ ಪುಟದ ಆ ಬಲಬದಿಯ ಪಟ್ಟಿಯನ್ನು ಮತ್ತೆ ನೋಡಿ. ಕಾಯಲಾರದೆ ಕೊಂಡು ಬೀಗದ ಕಾಟ ಶುರುವಾದರೆ ರಿಫಂಡ್ ಕೇಳಬಹುದು. ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ ಕೇಳಬೇಕು, ಆಡಿದ್ದು 2 ಗಂಟೆ ದಾಟಿರಬಾರದು. ಜಿಒಜಿಯಲ್ಲಿ 30 ದಿನ ಸಮಯ ಇದೆ.